ಅಜ್ಜನ ಫಿಯೆಟ್, ಬರ್ಲಿನ್ ಅಜ್ಜಿ

ನಮ್ಮ ‘ಅಜ್ಜನ ಮನೆ’ ಗ್ರೂಪಿನಲ್ಲಿ ಬೆಳಿಗ್ಗೆ ಹೂವಿನ ಚಿತ್ರ, ರಾತ್ರಿ ಮಂಡಿನೋವಿಗೆ ಮನೆಮದ್ದು. ಅಷ್ಟೇ. ಹೋದ ಭಾನುವಾರ ಮಾತ್ರ ಮಧ್ಯಾಹ್ನದ ಊಟದ ಹೊತ್ತಿಗೆ ನೂರು ಮೆಸೇಜ್ ದಾಟಿತ್ತು. ಅಡ್ಮಿನ್ ಆದ ತಪ್ಪಿಗೆ ಎಲ್ಲವನ್ನೂ ಓದಿದೆ. ಇಮೋಜಿ, ಸ್ಟಿಕ್ಕರ್, ಬೆಂಗಳೂರು ಮಾವನ ಷೇರು ಮಾರ್ಕೆಟ್ ಎಲ್ಲ ತೆಗೆದು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ. ಎಲ್ಲರ ಒಪ್ಪಿಗೆಯೂ ಇದೆ, ಚಿಕ್ಕಪ್ಪನದೊಂದು ಬಿಟ್ಟು.

ದುರ್ಗದತ್ತೆ: ಈ ವಿಡಿಯೊ ಎಲ್ಲರೂ ನೋಡಿ. ‘80 ವರ್ಷದ ಅಜ್ಜಿ, 100 ವರ್ಷದ ಕಾರು. ಒಬ್ಬಳೇ ಭೂಮಿ ಸುತ್ತಿ ಬಂದಳು. ದಾರಿಯಲ್ಲಿ ಒಂದು ಪಂಕ್ಚರ್ ಕೂಡ ಆಗಲಿಲ್ಲ!’

ದೊಡ್ಡಪ್ಪ: ಮಹಾತಾಯಿ. ಕೈ ಮುಗಿಯಬೇಕು.

ಅಮ್ಮ: ನಮಗೆ ಅಡುಗೆಮನೆ ಸುತ್ತುವುದರಲ್ಲೇ ಆಯಸ್ಸು ಮುಗಿಯಿತು.

ಚಿಕ್ಕಪ್ಪ: ಸುಳ್ಳು. 100 ವರ್ಷದ ಕಾರು ಇಲ್ಲಿಂದ ಹರಿಹರದ ಹೊಳೆ ಮುಟ್ಟುವುದಿಲ್ಲ. ಪಂಕ್ಚರ್ ಆಗಲಿಲ್ಲವಂತೆ! ಕಾರು ತಳ್ಳದೇ ಇದ್ದವರು ಬರೆದದ್ದು ಇದು.

ಪುಟ್ಟಿ: ಅರ್ಧ ಸುಳ್ಳು, ಅರ್ಧ ನಿಜ ಚಿಕ್ಕಪ್ಪ. ಈಗ ಹುಡುಕಿ ನೋಡಿದೆ. ಅವರ ಹೆಸರು ಹೈಡಿ ಹೆಟ್ಸರ್, ಬರ್ಲಿನ್‌ನವರು. 2014ರ ಜುಲೈನಲ್ಲಿ ಹೊರಟಾಗ 77 ವರ್ಷ. 2017ರ ಮಾರ್ಚ್‌ನಲ್ಲಿ ಮನೆ ಸೇರಿದಾಗ 79. ಕಾರು 1930ರ ಹಡ್ಸನ್. ಓಡಿಸಿದ್ದು ಸುಮಾರು 84 ಸಾವಿರ ಕಿ.ಮೀ. ಏಷ್ಯಾ, ಆಸ್ಟ್ರೇಲಿಯಾ, ಅಮೆರಿಕ, ಆಫ್ರಿಕಾ ಎಲ್ಲ ಆಯಿತು.

ಚಿಕ್ಕಪ್ಪ: ಪಂಕ್ಚರ್?

ಪುಟ್ಟಿ: ಪಂಕ್ಚರ್ ಬಿಡಿ, ಕೆನಡಾದಲ್ಲಿ ಓಡುತ್ತಿದ್ದ ಎಂಜಿನ್‌ಗೆ ಕೈ ಹಾಕಿ ಬೆರಳೇ ಹೋಯಿತು. ನಡುವೆ ಕ್ಯಾನ್ಸರ್ ಅಂತ ಗೊತ್ತಾಗಿ ಜರ್ಮನಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡರು. ಮತ್ತೆ ಬಂದು ಕಾರು ಹತ್ತಿದರು.

ಅಮ್ಮ: ಅಯ್ಯೋ ಶಿವನೇ.

ನಿಜ ಹೇಳಬೇಕೆಂದರೆ ಫಾರ್ವರ್ಡ್ ಮಾಡಿದವನಿಗೆ ಬುದ್ಧಿ ಇರಲಿಲ್ಲ. ಬೆರಳು ಹೋದ ಕಥೆ ಬಿಟ್ಟು, ಪಂಕ್ಚರ್ ಆಗದ ಕಥೆ ಸೇರಿಸಿದ್ದಾನೆ! ಇಷ್ಟಾದ ಮೇಲೂ ಚಿಕ್ಕಪ್ಪ ಸೋಲಲಿಲ್ಲ. ‘ಒಬ್ಬಳೇ’ ಅನ್ನುವ ಪದ ಹಿಡಿದರು.

ಚಿಕ್ಕಪ್ಪ: ಒಬ್ಬಳೇ ಅಂದರೆ ಏನು? ಸಮುದ್ರದ ಮೇಲೂ ಓಡಿಸಿದಳಾ?

ಪುಟ್ಟಿ: ಅಲ್ಲಿ ಹಡಗು ಚಿಕ್ಕಪ್ಪ. ಎಲ್ಲರೂ ಹಾಗೇ ಮಾಡುವುದು. ಪನಾಮಾ, ಕೊಲಂಬಿಯಾ ನಡುವೆ ಸುಮಾರು 100 ಕಿ.ಮೀ. ಬರೀ ಕಾಡು, ಜೌಗು. ಅಲ್ಲಿ ನೆಲ ಇದ್ದರೂ ರಸ್ತೆ ಇಲ್ಲ. ಎಂಥ ಜೀಪು ಇದ್ದರೂ ಹಡಗಿಗೇ ಹಾಕಬೇಕು. ಇನ್ನು ಜೊತೆಗಾರರು ಆಗಾಗ ಬಂದು ಹೋಗಿದ್ದಾರೆ. ಬಹಳಷ್ಟು ದಾರಿ ಒಬ್ಬರೇ.

ದೊಡ್ಡಪ್ಪ: ಹಾಗಾದರೆ ಲೆಕ್ಕಕ್ಕಿಲ್ಲ. ಪ್ರದಕ್ಷಿಣೆ ಹಾಕುವಾಗ ನಡುವೆ ಆಟೊ ಹತ್ತಿದರೆ ಪುಣ್ಯ ಆಟೊದವನಿಗೆ.

ದುರ್ಗದತ್ತೆ: ಈಗಷ್ಟೇ ಕೈ ಮುಗಿದೆಯಲ್ಲ ಅಣ್ಣ?

ದೊಡ್ಡಪ್ಪ: ಅದು ವಯಸ್ಸಿಗೆ ಮುಗಿದದ್ದು.

ಚಿಕ್ಕಪ್ಪ: ಇನ್ನೊಂದು. ಆಕೆ ಸುಮ್ನೆ ಮನೆಯಲ್ಲಿದ್ದ ಅಜ್ಜಿ ಅಲ್ಲ. ನಾನೂ ಈಗ ಓದಿದೆ. ಓಪೆಲ್ ಕಾರಿನ ಶೋರೂಮ್ ನಡೆಸಿದವಳು, ಮೆಕ್ಯಾನಿಕ್ ಕೆಲಸ ಕಲಿತವಳು, ರ‍್ಯಾಲಿ ಓಡಿಸಿದವಳು. ಅದನ್ನು ಹೇಳದೆ ‘ಅಜ್ಜಿ, ಅಜ್ಜಿ’ ಅಂದರೆ ಮೋಸ ಅಲ್ವಾ?

ಈ ಮಾತು ಸರಿ ಇತ್ತು. ಕೆಲಸ ಬಲ್ಲವಳನ್ನು ಬರೀ ಅಜ್ಜಿ ಮಾಡಿ ಮೆಚ್ಚಿಕೊಳ್ಳುವುದು ನನಗೂ ಹಿಡಿಸಲಿಲ್ಲ. ನಾನು ಹೆಬ್ಬೆರಳು ಒತ್ತಿದೆ. ಅತ್ತೆ ಅದನ್ನು ನೋಡಿ ನನಗೆ ಬೇರೆಯಾಗಿ ಒಂದು ಮೆಸೇಜ್ ಹಾಕಿದರು. ಅದನ್ನು ಇಲ್ಲಿ ಹಾಕುವುದಿಲ್ಲ.

ಪುಟ್ಟಿ: ಅವರಿಗೂ ಹಿಂದೆ ಒಬ್ಬರಿದ್ದರು. ಕ್ಲೇರೆನೋರ್ ಸ್ಟಿನ್ನೆಸ್, 1927ರಲ್ಲಿ ಹೊರಟು 1929ರಲ್ಲಿ ಬಂದವರು. ಅವರ ದಾರಿ ನೋಡಿಯೇ ಹೈಡಿ ಹೊರಟದ್ದು. 46 ಸಾವಿರಕ್ಕೂ ಜಾಸ್ತಿ ಕಿ.ಮೀ. ಹೆಪ್ಪುಗಟ್ಟಿದ ಬೈಕಲ್ ಸರೋವರದ ಮೇಲೆ ಕಾರು ಓಡಿಸಿದ್ದರಂತೆ. ಜೊತೆಗಿದ್ದ ಮೆಕ್ಯಾನಿಕ್‌ಗಳು ನಡುವೆಯೇ ಕೈಬಿಟ್ಟರು. ಕೊನೆವರೆಗೂ ಉಳಿದದ್ದು ಒಬ್ಬ ಕ್ಯಾಮೆರಾಮನ್. ಆಮೇಲೆ ಅವನನ್ನೇ ಮದುವೆಯಾದರು.

ಅಮ್ಮ: ಇದು ಚೆನ್ನಾಗಿದೆ.

ಬೆಂಗಳೂರು ಮಾವ: 1957ರಲ್ಲಿ ಲಂಡನ್‌ನಿಂದ ಕಲ್ಕತ್ತಾಗೆ ಬಸ್ಸೇ ಬಂದಿತ್ತು. ಟಿಕೆಟ್ 85 ಪೌಂಡ್. 1979ರಲ್ಲಿ ಇರಾನ್ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ರಷ್ಯಾ ಸೈನ್ಯ. ಅಲ್ಲಿಗೆ ಆ ದಾರಿ ಮುಗಿಯಿತು. ಈಗ ಎಷ್ಟೋ ದೇಶಗಳ ಗಡಿಯಲ್ಲಿ ಕಾರಿಗೇ ಒಂದು ಪಾಸ್‌ಪೋರ್ಟ್ ಬೇಕು, ಕಾರ್ನೆ ಅಂತ. ಕಾರನ್ನು ಅಲ್ಲೇ ಮಾರಿ ಬರುವುದಿಲ್ಲ ಅಂತ ಗ್ಯಾರಂಟಿ ದುಡ್ಡು ಇಡಬೇಕು.

ಚಿಕ್ಕಪ್ಪ: ನೋಡಿ. ದುಡ್ಡಿದ್ದವರ ಆಟ.

ದುರ್ಗದತ್ತೆ: ದುಡ್ಡಿನ ಆಟ ಬೇಡ. ನಾನು ಮುಂದಿನ ಭಾನುವಾರ ಅಪ್ಪನ ಫಿಯೆಟ್ ತಗೊಂಡು ದಾವಣಗೆರೆಯಿಂದ ದುರ್ಗಕ್ಕೆ ಬರುತ್ತೇನೆ. ಒಬ್ಬಳೇ. 60 ಕಿ.ಮೀ. ತಮ್ಮ, ಬೀಗದ ಕೈ ತೆಗೆದಿಡು.

ಏಳು ನಿಮಿಷ ಯಾರೂ ಏನೂ ಬರೆಯಲಿಲ್ಲ. ‘ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ’ ಅಂತ ಬರುತ್ತದೆ, ಹೋಗುತ್ತದೆ. ಆಮೇಲೆ ಕಟ್ಟೆ ಒಡೆಯಿತು.

ದೊಡ್ಡಪ್ಪ: ತಂಗಿ, ಈ ವಯಸ್ಸಿನಲ್ಲಿ ಹೈವೇ ಬೇಡ. ಲಾರಿಯವರು ನೋಡುವುದಿಲ್ಲ.

ದುರ್ಗದತ್ತೆ: ನನಗೆ 61. ಹೈಡಿಗಿಂತ 16 ಕಮ್ಮಿ.

ಅಮ್ಮ: ಜೊತೆಗೆ ಯಾರನ್ನಾದರೂ ಕೂರಿಸಿಕೊಳ್ಳಿ ಅಕ್ಕ, ಸುಮ್ನೆ ಧೈರ್ಯಕ್ಕೆ.

ದುರ್ಗದ ಮಾವ: ನನ್ನನ್ನು ಇದರಲ್ಲಿ ಎಳೆಯಬೇಡಿ.

ಚಿಕ್ಕಪ್ಪ: ಅಕ್ಕ, ಕಾರು ಶೆಡ್‌ನಲ್ಲಿ ನಿಂತು ನಾಲ್ಕು ವರ್ಷ. ಆರ್‌ಸಿ ರಿನ್ಯೂ ಆಗಿಲ್ಲ. ಇನ್ಶೂರೆನ್ಸ್ ಇಲ್ಲ. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿದೆ.

ಪುಟ್ಟಿ: ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿದರೆ?

ಚಿಕ್ಕಪ್ಪ: 2021ರ ನಿಯಮದ ಪ್ರಕಾರ 50 ವರ್ಷ ದಾಟಬೇಕು. ನಮ್ಮದು 1982ರದು. ಮಾಡಿಸಿದರೂ ದಿನಾ ರಸ್ತೆಗೆ ತರುವ ಹಾಗಿಲ್ಲ. ಮಾಮೂಲಿ ಐದು ವರ್ಷದ ರಿನ್ಯೂವಲ್ಲೇ ಒಳ್ಳೆಯದು. ಹಳೇ ಆರ್‌ಸಿಯಲ್ಲಿ ಇನ್ನೂ ‘ಚಿತ್ರದುರ್ಗ ಜಿಲ್ಲೆ’ ಅಂತಲೇ ಇದೆ, ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ ತಾನೇ.

ದುರ್ಗದತ್ತೆ: ಹಾಗಾದರೆ ಕಾರು ನಮ್ಮ ಜಿಲ್ಲೆಯದು. ಕಳಿಸು.

ಇಲ್ಲಿ ಚಿಕ್ಕಪ್ಪ ಬರೆದದ್ದು ಮಾತ್ರ ಉದ್ದವಾಗಿತ್ತು. ಅವರು ಇಷ್ಟು ಬರೆದದ್ದನ್ನು ನಾನು ನೋಡಿರಲೇ ಇಲ್ಲ.

ಚಿಕ್ಕಪ್ಪ: ಅಕ್ಕ, ಅದು ಈಗಿನ ಕಾರಿನ ಹಾಗಲ್ಲ. ಗೇರು ಸ್ಟೇರಿಂಗ್ ಪಕ್ಕದಲ್ಲಿ. ಪವರ್ ಸ್ಟೇರಿಂಗ್ ಇಲ್ಲ. ಬ್ರೇಕ್ ಒತ್ತಿದರೆ ತಕ್ಷಣ ನಿಲ್ಲುವುದಿಲ್ಲ, ಮುಂದಿನ ಲಾರಿ ನಿಲ್ಲುವುದಕ್ಕೆ ಮೊದಲೇ ಒತ್ತಬೇಕು. 1089 ಸಿಸಿ ಎಂಜಿನ್, ಬಿಸಿಲಿಗೆ ಆಗುವುದಿಲ್ಲ. ಅಪ್ಪ ದುರ್ಗಕ್ಕೆ ಹೊರಟಾಗಲೆಲ್ಲ ಭರಮಸಾಗರದ ಹತ್ತಿರ ನಿಲ್ಲುತ್ತಿದ್ದದ್ದು ನೆನಪಿದೆಯಾ? ಕಾವಿಗೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗುತ್ತದೆ. ಆವಿಯನ್ನು ಪಂಪು ಎಳೆಯುವುದಿಲ್ಲ, ಗಾಡಿ ಕೆಮ್ಮಿ ನಿಲ್ಲುತ್ತದೆ. ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಬೇಕು. ಇದೆಲ್ಲ ನಿನಗೆ ಯಾರು ಹೇಳಿಕೊಡುತ್ತಾರೆ?

ದುರ್ಗದತ್ತೆ: ಆ ಬಟ್ಟೆ ಹಾಕುತ್ತಿದ್ದವಳು ನಾನೇ ತಮ್ಮ. ಅಪ್ಪನ ಹಳೇ ಚೌಕದ ಟವೆಲ್. ನೀನು ಹಿಂದಿನ ಸೀಟಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದೆ.

ದುರ್ಗದತ್ತೆ: 1984ರಲ್ಲಿ ನನಗೆ ಅಪ್ಪ ಡ್ರೈವಿಂಗ್ ಕಲಿಸಿದರು. ಬೆಳಗಿನ ಐದೂವರೆಗೆ, ಪಿ.ಬಿ. ರೋಡು ಖಾಲಿ ಇದ್ದಾಗ. ನಿನಗೆ ಆಮೇಲೆ ಕಲಿಸಿದ್ದು ಯಾರು?

ಚಿಕ್ಕಪ್ಪ ಉತ್ತರ ಕೊಡಲಿಲ್ಲ. ಉತ್ತರ ಎಲ್ಲರಿಗೂ ಗೊತ್ತು, ಅತ್ತೆಯೇ. ದೊಡ್ಡಪ್ಪ ಮಾತ್ರ ಈ ನಡುವೆ ಗಣೇಶನ ಚಿತ್ರ ಹಾಕಿ ಎಲ್ಲರೂ ಶಾಂತರಾಗಿ ಅಂದರು. ಯಾರೂ ಆಗಲಿಲ್ಲ. ಬೆಂಗಳೂರು ಮಾವ ತಾನು ಹಿಂದೆ ಇನ್ನೋವಾ ತರುತ್ತೇನೆ, ಫಿಯೆಟ್ ಕೆಟ್ಟರೆ ಎಳೆದುಕೊಂಡು ಹೋಗೋಣ ಅಂದರು. ಹಿಂದೆ ಯಾರಾದರೂ ಬಂದರೆ ಅದು ಒಬ್ಬಳೇ ಹೇಗಾಯಿತು ಅಂತ ದೊಡ್ಡಪ್ಪ ಮತ್ತೆ ಶುರು ಮಾಡಿದರು. ಪುಟ್ಟಿ ನಗುವ ಇಮೋಜಿ ಹಾಕಿ ಬೈಸಿಕೊಂಡಳು. ಸಂಜೆವರೆಗೂ ಅದೇ.

ರಾತ್ರಿ ಒಂಬತ್ತೂಕಾಲಿಗೆ ಚಿಕ್ಕಪ್ಪ ಒಂದು ಫೋಟೊ ಹಾಕಿದರು. ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ತೆಗೆದದ್ದು. ಟಾರ್ಪಾಲು ಅರ್ಧ ಸರಿಸಿದ್ದಾರೆ. ಫಿಯೆಟ್‌ನ ಮುಂದಿನ ಚಕ್ರ, ನೆಲಕ್ಕೆ ಅಂಟಿಕೊಂಡ ಟೈರು. ಟೈರಿನ ಪಕ್ಕೆಯಲ್ಲಿ ಒಣಗಿದ ಕೆರೆಯ ಹಾಗೆ ಬಿರುಕು. ಬಂಪರ್ ಮೇಲೆ ಕೂತ ಮರಿಬೆಕ್ಕಿನ ಕಣ್ಣು ಹಸಿರಾಗಿ ಹೊಳೆಯುತ್ತಿತ್ತು.

ಚಿಕ್ಕಪ್ಪ: ಇದರ ಮೇಲೆ ಹೋಗುತ್ತೀಯಾ?

ದುರ್ಗದತ್ತೆ: ಟೈರ್ ಸೈಜ್ ಎಷ್ಟು?

ನೀಲಿ ಟಿಕ್ ಬಿತ್ತು. ಹತ್ತು ನಿಮಿಷ ಏನೂ ಇಲ್ಲ.

ಚಿಕ್ಕಪ್ಪ: 5.20-14. ಟ್ಯೂಬ್ ಬೇರೆ ತಗೋಬೇಕು. ಸ್ಟೆಪ್ನಿ ಸೇರಿ ಐದು.