ಕೊನೆಯ ವರ್ಷದ ಶುಲ್ಕಕ್ಕೆ ಖಾಸಗಿ ಹಣಕಾಸು ಸಂಸ್ಥೆಯ ಸಾಲ ಪಡೆಯಬಹುದೇ?

ಪ್ರಶ್ನೆ:
ನಾನು ತೀರ್ಥಹಳ್ಳಿ ಕಡೆಯವನು. ಸಿಇಟಿ ಮೂಲಕ ಬೆಂಗಳೂರಿನ ಖಾಸಗಿ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಸೀಟು ಪಡೆದು ಆರನೆಯ ಸೆಮಿಸ್ಟರ್ ಮುಗಿಸಿದ್ದೇನೆ. ಎಲೆಚುಕ್ಕಿ ರೋಗದಿಂದ ಎರಡು ವರ್ಷಗಳಲ್ಲಿ ನಮ್ಮ ಅಡಿಕೆ ತೋಟದ ಇಳುವರಿ ಅರ್ಧಕ್ಕಿಳಿದಿದ್ದು, ಬಾಕಿ ಶುಲ್ಕ, ಕೊನೆಯ ವರ್ಷದ ಶುಲ್ಕ ಹಾಗೂ ಹಾಸ್ಟೆಲ್ ವೆಚ್ಚಕ್ಕೆಂದು 2.4 ಲಕ್ಷ ರೂಪಾಯಿ ಹೊಂದಿಸಬೇಕಾಗಿದೆ. ಊರಿನ ಬ್ಯಾಂಕ್ ಶಾಖೆಯವರು ಕಾಲೇಜಿರುವಲ್ಲೇ ಕೇಳಿ ಎಂದರು, ಬೆಂಗಳೂರಿನ ಶಾಖೆಯವರು ಊರಿಗೆ ಹೋಗಿ ಎಂದರು. ಖಾಸಗಿ ಹಣಕಾಸು ಸಂಸ್ಥೆಯೊಂದರ ಏಜೆಂಟರು, ಉದ್ಯೋಗದಲ್ಲಿರುವ ನನ್ನ ಅಕ್ಕ ಸಹ-ಅರ್ಜಿದಾರರಾದರೆ ಶೇ. 13.5ರ ಬಡ್ಡಿಗೆ ವಾರದೊಳಗೆ ಸಾಲ ಕೊಡಿಸುವುದಾಗಿ ಹೇಳುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ?

ಉತ್ತರ 1 (ನಿವೃತ್ತ ಬ್ಯಾಂಕ್ ಅಧಿಕಾರಿ):
ಮೊದಲು ಬ್ಯಾಂಕಿನ ವಿಷಯ. ಅರ್ಜಿದಾರರ ಮನೆ ಶಾಖೆಯ ಸೇವಾ ವ್ಯಾಪ್ತಿಯಲ್ಲಿಲ್ಲ ಎಂಬ ಕಾರಣಕ್ಕೆ ಶಿಕ್ಷಣ ಸಾಲದ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲಿಯೇ ಸೂಚಿಸಿದೆ. ನಿಮಗೆ ಸಿಕ್ಕಿರುವುದು ಬಾಯಿಮಾತಿನ ಉತ್ತರ ಮಾತ್ರ. ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಿದರೆ ದಾಖಲೆ ಉಳಿಯುತ್ತದೆ, ತಿರಸ್ಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ಕೇಳಬಹುದು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ನಿಮ್ಮ ಪಾಲಿನ ಹಣವಾಗಲಿ ಆಸ್ತಿಯ ಅಡಮಾನವಾಗಲಿ ಬೇಕಿಲ್ಲ.

ಇನ್ನು ಬಡ್ಡಿ. ಐದು ವರ್ಷಗಳ ಅವಧಿಗೆ 2.4 ಲಕ್ಷಕ್ಕೆ ಶೇ. 13.5ರಲ್ಲಿ ಮಾಸಿಕ ಕಂತು ಸುಮಾರು 5,520 ರೂಪಾಯಿ, ಬ್ಯಾಂಕಿನ ದರ ಶೇ. 10.5 ಎಂದುಕೊಂಡರೆ ಸುಮಾರು 5,160. ವ್ಯತ್ಯಾಸ 360 ರೂಪಾಯಿಯಷ್ಟೇ ಆದ್ದರಿಂದ, ಬಡ್ಡಿದರವೊಂದನ್ನೇ ನೋಡಿದರೆ ಖಾಸಗಿ ಸಾಲ ಅಷ್ಟೇನೂ ದುಬಾರಿಯೆನಿಸುವುದಿಲ್ಲ. ನೀವು ತೂಗಬೇಕಾದುದು ಮರುಪಾವತಿ ಯಾವಾಗ ಆರಂಭವಾಗುತ್ತದೆ ಎಂಬುದನ್ನು. ಬ್ಯಾಂಕಿನ ಯೋಜನೆಯಲ್ಲಿ ಕೋರ್ಸ್ ಮುಗಿದ ಮೇಲೂ ಒಂದು ವರ್ಷ ಬಿಡುವಿದ್ದು, ಆ ಅವಧಿಗೆ ಸರಳ ಬಡ್ಡಿ ಮಾತ್ರ ಸೇರುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಕಾಲೇಜಿಗೆ ಅಥವಾ ಕೋರ್ಸಿಗೆ ಅಗತ್ಯ ಮಾನ್ಯತೆಯಿದ್ದರೆ ಆ ಬಡ್ಡಿಗೂ ಕೇಂದ್ರದ ಸಹಾಯಧನವಿದೆ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರವನ್ನು ಈಗಲೇ ಪಡೆದಿಟ್ಟುಕೊಳ್ಳಿ.

ಉತ್ತರ 2 (ಖಾಸಗಿ ಸಾಲ ಪಡೆದು ತೀರಿಸಿದವರು):
ನಾನು ಅಂಥದೇ ಸಾಲದಿಂದ ಪದವಿ ಮುಗಿಸಿದೆ, ಅದು ಸಿಗದಿದ್ದರೆ ಓದು ನಿಲ್ಲುತ್ತಿತ್ತು ಎಂಬುದೂ ನಿಜ. ಆದರೆ ಓದು ಮುಗಿಯುವವರೆಗೆ ಏನೂ ಕಟ್ಟಬೇಕಿಲ್ಲವೆಂದು ಏಜೆಂಟರು ಹೇಳಿದ್ದರೂ ಮಂಜೂರಾತಿ ಪತ್ರದಲ್ಲಿ ಮರು ತಿಂಗಳಿನಿಂದಲೇ ಬಡ್ಡಿ ಕಟ್ಟಬೇಕೆಂದಿತ್ತು. ನಿಮ್ಮ ಮೊತ್ತಕ್ಕೆ ಅದು ತಿಂಗಳಿಗೆ 2,700 ರೂಪಾಯಿ ಆಗುತ್ತದೆ. ಸಂಸ್ಕರಣಾ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಮತ್ತು ವಿಮೆಯ ಕಂತು ಕಳೆದು ಕೈಗೆ ಬಂದ ಹಣ ಕಾಲೇಜಿನ ಶುಲ್ಕಕ್ಕೇ ಸಾಲಲಿಲ್ಲ. ಕೆಲಸ ಸಿಗುವುದು ಏಳು ತಿಂಗಳು ತಡವಾಗಿ ಕಂತುಗಳು ತಪ್ಪಿದಾಗ, ಸಹ-ಅರ್ಜಿದಾರರಾಗಿದ್ದ ನನ್ನ ಅಣ್ಣನ ಸಿಬಿಲ್ ಅಂಕ (ಸಾಲ ಮರುಪಾವತಿಯ ದಾಖಲೆ ನೋಡಿ ಕೊಡುವ ಅಂಕ) ಕುಸಿದು ಅವರ ಗೃಹಸಾಲದ ಅರ್ಜಿ ತಿರಸ್ಕೃತವಾಯಿತು. ಆ ನೋವು ನನಗೆ ಇಂದಿಗೂ ಇದೆ. ನಿಮ್ಮ ಅಕ್ಕ ಸಹಿ ಹಾಕುವ ಮೊದಲು, ಎಲ್ಲ ವೆಚ್ಚ ಸೇರಿದ ವಾರ್ಷಿಕ ದರವನ್ನು ತೋರಿಸುವ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೇಳಿ ಪಡೆಯಿರಿ. 2024ರ ಅಕ್ಟೋಬರ್‌ನಿಂದ ಸಾಲಗಾರರಿಗೆ ಅದನ್ನು ಕೊಡುವುದು ಕಡ್ಡಾಯ.

ಉತ್ತರ 3 (ಉಪನ್ಯಾಸಕಿ):
ಹಿಂದುಳಿದ ವರ್ಗ ಅಥವಾ ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದ್ದರೆ ಆಯಾ ಅಭಿವೃದ್ಧಿ ನಿಗಮದ ‘ಅರಿವು’ ಸಾಲವನ್ನೂ ವಿಚಾರಿಸಿ. ಶುಲ್ಕವನ್ನು ಕಂತುಗಳಲ್ಲಿ ಕಟ್ಟಲು ಅವಕಾಶ ಕೋರಿ ಪ್ರಾಂಶುಪಾಲರಿಗೆ ಪತ್ರ ಕೊಡಿ. ಬಾಯಲ್ಲಿ ಕೇಳಿ ಸುಮ್ಮನಾಗಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಅಕ್ಕನೂ ಮುಂದಿನ ವರ್ಷ ಮನೆ ಕಟ್ಟಲು ಸಾಲ ಪಡೆಯಬೇಕೆಂದಿದ್ದಾರೆ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿ, ಕಾಲೇಜಿಗೂ ಪತ್ರ ಕೊಡುತ್ತೇನೆ. ಬ್ಯಾಂಕಿನಿಂದ ಲಿಖಿತ ಉತ್ತರ ಬಂದ ಕೂಡಲೇ ಅದನ್ನು ಇಲ್ಲಿ ತಿಳಿಸುತ್ತೇನೆ.