ಪದಚರ್ಚೆ: ‘ಸ್ಥಾಯಿ ಸಾವಯವ ಮಾಲಿನ್ಯಕಾರಕ’ ಅನ್ನೋದಕ್ಕೆ ‘ಬಿಡದ ನಂಜು’ ಅನ್ಬೋದಾ?

ಎಲ್ರಿಗೂ ನಮಸ್ಕಾರ. ಸಕಲೇಶಪುರದ ಹತ್ರ ನಮ್ಮೂರ ಹೈಸ್ಕೂಲ್ ಮಕ್ಕಳ ಗೋಡೆಪತ್ರಿಕೆಗೆ ಹಿಮಕರಡಿ ಬಗ್ಗೆ ಎರಡು ಪುಟ ಬರ್ಕೊಡ್ತೀನಿ ಅಂತ ಒಪ್ಕೊಂಡಿದ್ದೆ. ಔಷಧಿ ಹೊಡೆಯೋಕೆ ಒಂದು ಹೊಲನೂ ಇಲ್ದಿರೋ ಆ ಹಿಮದಲ್ಲಿ ಬದುಕೋ ಪ್ರಾಣಿ ಮೈಗೆ ಕೀಟನಾಶಕ ಹೆಂಗೆ ಸೇರ್ತು ಅನ್ನೋದು ವಿಷಯ. ಬರಿಯೋಕೆ ಕೂತ್ರೆ ಮೊದಲನೇ ಸಾಲಲ್ಲೇ ಸಿಕ್ಕಾಕೊಂಡೆ.

ಡಿಡಿಟಿ, ಬಿಎಚ್‌ಸಿ ಥರದ ಕೀಟನಾಶಕ, ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೇಲಿರ್ತಿದ್ದ ಪಿಸಿಬಿ, ಹಿಂಗೆ ವರ್ಷಗಟ್ಲೆ ಒಡೆದು ಹೋಗದೆ ಉಳಿಯೋವನ್ನೆಲ್ಲ ಒಟ್ಟಿಗೆ ‘ಸ್ಥಾಯಿ ಸಾವಯವ ಮಾಲಿನ್ಯಕಾರಕ’ ಅಂತ ಬರೀತಾರೆ. ನಾನೂ ಹಂಗೇ ಬರೆದು ಪಕ್ಕದ ತೋಟದ ಹಿರಿಯರೊಬ್ಬರಿಗೆ ಓದಿ ಹೇಳ್ದೆ. ಅವರು ಪೂರ್ತಿ ಕೇಳಿ, ‘ಸಾವಯವ ಅಂದ್ಮೇಲೆ ಒಳ್ಳೇದೇ ಅಲ್ವೇನಪ್ಪ, ಅದರಿಂದ ಕರಡಿಗೇನಾಗುತ್ತೆ’ ಅಂದ್ರು. ಅವರದ್ದು ತಪ್ಪೇ ಅಲ್ಲ. ರಸಾಯನಶಾಸ್ತ್ರದಲ್ಲಿ ಇಂಗಾಲದ ಸಂಯುಕ್ತಕ್ಕೆ ಸಾವಯವ ಅಂತಾರೆ, ಸರಿ, ಆದ್ರೆ ನಮ್ ಕಡೆ ರೈತರ ಬಾಯಲ್ಲಿ ಸಾವಯವ ಅಂದ್ರೆ ಸಗಣಿ, ಜೀವಾಮೃತ, ಎರೆಹುಳ, ಔಷಧಿ ಹೊಡೀದೇ ಇರೋದು, ಅಂದ್ರೆ ಹೇಳ್ಬೇಕಾದ್ದಕ್ಕೆ ನೇರ ಉಲ್ಟಾ ಅರ್ಥ.

ಅದೇ ಹಿರಿಯರ ಹತ್ರ ‘ಬಿಎಚ್‌ಸಿ’ ಅನ್ನಿ, ಥಟ್ಟನೆ ಮೂಗಿಗೆ ಅದರ ಘಾಟು ನೆನಪಾಗುತ್ತೆ. ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಹುಳ ಬೀಳುತ್ತೆ ಅಂತ ಬಿಎಚ್‌ಸಿ, ಆಮೇಲೆ ಅದರದ್ದೇ ಒಂದು ರೂಪವಾದ ಲಿಂಡೇನ್ ಕಲಸಿ ಬರಿಗೈಲಿ ಬಟ್ಟೆ ಅದ್ದಿ ಕಾಂಡಕ್ಕೆ ಬಳೀತಿದ್ರು, ನಮ್ಮಪ್ಪನೂ ಬಳಿದಿದಾರೆ. ನಮ್ಮ ದೇಶದಲ್ಲಿ ಬಿಎಚ್‌ಸಿ ನಿಂತಿದ್ದು 1997ರಲ್ಲಿ. ಲಿಂಡೇನನ್ನ 2009ರಲ್ಲಿ, ಇಂಥ ರಾಸಾಯನಿಕಗಳನ್ನ ನಿಲ್ಲಿಸೋಕೆ ದೇಶಗಳೆಲ್ಲ ಸೇರಿ ಮಾಡ್ಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿದ್ರು. ಏಷ್ಯಾದಲ್ಲಿ ಈ ಬಿಎಚ್‌ಸಿ ಬಳಕೆ ಕಮ್ಮಿ ಆದ ಹಂಗೇ ಉತ್ತರ ಧ್ರುವದ ಗಾಳಿಯಲ್ಲೂ ಅದು ಕಮ್ಮಿ ಆಗಿದ್ದು ಅಳತೆಯಲ್ಲಿ ಕಂಡಿದೆ. ಇದು ಗೊತ್ತಾದ ದಿನ ನಂಗೆ ತುಂಬಾ ಹೊತ್ತು ಬೇರೆ ಏನೂ ಮಾಡೋಕಾಗ್ಲಿಲ್ಲ.

ಅಷ್ಟು ದೂರ ಹೆಂಗೆ ಹೋಗುತ್ತೆ ಅನ್ನೋದಕ್ಕೆ ಪದ ಸಿಕ್ತು, ‘ಭಟ್ಟಿ’. ಹಂಡೆ ಕೆಳಗೆ ಬಿಸಿ, ಆವಿ ಮೇಲೇಳುತ್ತೆ, ಮೇಲಿನ ತಣ್ಣನೆ ಪಾತ್ರೆಗೆ ತಾಗಿ ಹನಿಯಾಗಿ ಇಳಿಯುತ್ತೆ. ಬಿಸಿ ನಾಡುಗಳು ಹಂಡೆ, ಧ್ರುವ ಅನ್ನೋದು ಆ ತಣ್ಣನೆ ಪಾತ್ರೆ. ಒಂದೇ ಸಲ ಹೋಗ್ಬೇಕು ಅಂತಿಲ್ಲ, ಬೇಸಿಗೇಲಿ ಎದ್ದು ಚಳಿಗೆ ಇಳಿದು ಮತ್ತೆ ಎದ್ದು ಹಂಗೇ ಮಿಡತೆ ಥರ ಹಾರ್ಕೊಂಡು ಹಾರ್ಕೊಂಡು ಹೋಗುತ್ತೆ. ದಕ್ಷಿಣಕ್ಕೂ ಅಷ್ಟೇ, ಅಂಟಾರ್ಕ್ಟಿಕಾದ ಅಡೆಲಿ ಪೆಂಗ್ವಿನ್ ಮೈಯಲ್ಲಿ 1960ರ ದಶಕದಲ್ಲೇ ಡಿಡಿಟಿ ಸಿಕ್ಕಿತ್ತು. ಈ ‘ಭಟ್ಟಿ’ಗೆ ಯಾರದ್ದೂ ತಕರಾರಿಲ್ಲ ಅನ್ಕೋತೀನಿ.

ಕಷ್ಟ ಆಗಿದ್ದು ಮುಂದಿಂದು. ಪಾಚಿಯಿಂದ ಸಣ್ಣ ಜೀವಿಗೆ, ಅದರಿಂದ ಮೀನಿಗೆ, ಮೀನಿಂದ ಸೀಲ್ ಅನ್ನೋ ಕಡಲ ಪ್ರಾಣಿಗೆ, ಸೀಲ್‌ನಿಂದ ಕರಡಿಗೆ ಹೋಗ್ತಾ ಹೋಗ್ತಾ ಮೆಟ್ಟಿಲು ಮೆಟ್ಟಿಲಿಗೂ ಮೈಯಲ್ಲಿರೋ ವಿಷ ಹೆಚ್ಚಾಗುತ್ತಲ್ಲ, ಅದಕ್ಕೆ ‘ಜೈವಿಕ ಸಂವರ್ಧನೆ’ ಅಂತಾರೆ. ಸಂವರ್ಧನೆ ಅಂದ್ರೆ ಕಿವಿಗೆ ಏನು ಬೀಳುತ್ತೆ ಹೇಳಿ, ತಳಿ ಸಂವರ್ಧನೆ, ಭಾಷಾ ಸಂವರ್ಧನೆ, ಎಲ್ಲ ಬೆಳೀಲಿ ಅಂತ ಹಾರೈಸೋ ಮಾತು. ಒಂದೇ ಜೀವಿ ಮೈಯಲ್ಲಿ ವಿಷ ಕೂಡ್ಕೊಳ್ಳೋದಕ್ಕೆ ಬಳಸೋ ‘ಸಂಚಯ’ನೂ ಹಂಗೇ, ಪುಣ್ಯಸಂಚಯ ಅಂತೀವಿ. ಕೇಡಿನ ಸುಳಿವೇ ಇಲ್ಲ ಆ ಪದಗಳಲ್ಲಿ. (ಸೀಲ್‌ನ ಕೆಲವರು ನೀರುನಾಯಿ ಅಂತ ಬರೀತಾರೆ, ದಯವಿಟ್ಟು ಬೇಡ, ನೀರುನಾಯಿ ಭದ್ರಾ ಹೊಳೇಲಿರೋ ಬೇರೆ ಪ್ರಾಣಿ. ಸೀಲ್ ಅಂತಲೇ ಇರ್ಲಿ.)

ಅದಕ್ಕೆ ನಂಗೆ ‘ನಂಜು’ ಸರಿ ಅನ್ಸಿದ್ದು. ವಿಷ ಅಂದ್ರೆ ಕುಡಿದ ತಕ್ಷಣ ಸಾವು ಅಂತ ಮನಸ್ಸಿಗೆ ಬರುತ್ತೆ. ನಂಜು ಹಂಗಲ್ಲ, ಒಳಗೇ ಇದ್ದು ನಿಧಾನಕ್ಕೆ ಕಾಡುತ್ತೆ. ಗಾಯ ಆದಾಗ ಬದನೆಕಾಯಿ ಬೇಡ ನಂಜು ಅಂತ ನಮ್ಮಜ್ಜಿ ತಟ್ಟೆಯಿಂದ ತೆಗೆದಿಡೋರು. ಹಿಮಕರಡಿಗೆ ಆಗ್ತಿರೋದೂ ಇದೇ ಥರ, ಒಂದೇ ದಿನ ಬಿದ್ದು ಸಾಯಲ್ಲ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಕಡೆ ಪಿಸಿಬಿ ಹೆಚ್ಚಿದ್ದ ಕರಡಿಗಳಲ್ಲಿ ಥೈರಾಯ್ಡ್ ಹಾರ್ಮೋನು ಏರುಪೇರು, ರೋಗ ತಡೆಯೋ ಶಕ್ತಿ ಕಮ್ಮಿ ಇರೋದು ಕಂಡಿದೆ. ನಂಜು ಬರೀ ಪಥ್ಯದ ಮಾತು, ಹಗುರ ಪದ ಅಂತ ಒಬ್ರು ಸ್ನೇಹಿತರು ಅಂದ್ರು, ನಂಜುಂಡ ಕುಡಿದಿದ್ದು ಹಾಲಾಹಲ ಅಲ್ವಾ ಅಂತ ನಾನು ಕೇಳ್ದೆ.

ಆದ್ರೆ ಮನೇಲಿ ನಮ್ಮಮ್ಮ ಒಂದು ಆಕ್ಷೇಪ ಎತ್ತಿದ್ರು, ಅದನ್ನ ತಳ್ಳಿಹಾಕೋಕೆ ಆಗ್ತಿಲ್ಲ. ಕಳಲೇಲೂ ನಂಜಿರುತ್ತೆ, ಮೂರು ದಿನ ನೀರು ಬದಲಾಯಿಸಿ ನೆನೆಸಿದ್ರೆ ಹೋಗುತ್ತೆ, ನೀನು ಹೇಳೋದು ಹಂಗೆ ಹೋಗುತ್ತಾ ಅಂದ್ರು. ಹೋಗಲ್ಲ. ಡಿಡಿಟಿ, ಪಿಸಿಬಿ ನೀರಲ್ಲಿ ಕರಗೋದು ತೀರಾ ಕಮ್ಮಿ, ಕೊಬ್ಬಲ್ಲಿ ಕರಗುತ್ತವೆ, ಕರಡಿ ತಿನ್ನೋದೇ ಮುಖ್ಯವಾಗಿ ಸೀಲ್‌ನ ಕೊಬ್ಬು, ಸುಲಭಕ್ಕೆ ಹೊರಗೆ ಹೋಗಲ್ಲ. ಹಿಮ ಕರಗಿ ಬೇಟೆ ಸಿಗದೆ ಕರಡಿ ಉಪವಾಸ ಬಿದ್ದಾಗ ಆ ಕೊಬ್ಬು ಕರಗುತ್ತಲ್ಲ, ಆಗ ಅದರಲ್ಲಿದ್ದಿದ್ದು ರಕ್ತಕ್ಕೆ ಇಳಿಯುತ್ತೆ, ಹಸಿದಿರೋ ಹೊತ್ತಲ್ಲೇ. ಹಂಗಾಗಿ ‘ಬಿಡದ ನಂಜು’ ಅಂತ ಮಾಡ್ಕೊಂಡೆ, ಸ್ಥಾಯಿ ಅನ್ನೋದರ ಅರ್ಥನೂ ಬಂತು. ಇನ್ನೂ ಒಂದು ಹೊಳೀತು, ‘ನೆಣನಂಜು’. ಹಂದಿ ನೆಣ ಅಂತ ನಮ್ ಕಡೆ ಈಗ್ಲೂ ಅಂತಾರೆ, ಸೀಲ್, ತಿಮಿಂಗಿಲದ ಚರ್ಮದಡಿ ಇರೋ ದಪ್ಪ ಕೊಬ್ಬಿಗೂ ನೆಣ ಅನ್ನೋದು ಸರಿಯಾಗಿ ಕೂರುತ್ತೆ. ಆದ್ರೆ ನಾನ್‌ಸ್ಟಿಕ್ ಪಾತ್ರೆ ಥರದ್ದರಿಂದ ಬರೋ ಪಿಎಫ್‌ಎಎಸ್ ರಾಸಾಯನಿಕಗಳೂ ಈಗ ಕರಡಿಗಳಲ್ಲಿ ಸಿಗ್ತಿವೆ, ಅವು ನೆಣಕ್ಕಿಂತ ರಕ್ತಕ್ಕೆ, ಪಿತ್ತಜನಕಾಂಗಕ್ಕೆ ಅಂಟ್ಕೊಳ್ಳೋದು. ಅವಕ್ಕೆ ನೆಣನಂಜು ಅನ್ನೋಕಾಗಲ್ಲ, ಬಿಡದ ನಂಜು ಅನ್ಬೋದು.

ಈಗ ನನ್ನ ಪ್ರಶ್ನೆಗಳು. ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚೋದಕ್ಕೆ ‘ನಂಜೇರಿಕೆ’ ಅಂದ್ರೆ ಹೆಂಗೆ? ಗಾಯ ಕೀವಾದಾಗ್ಲೂ ನಂಜೇರ್ತು ಅಂತಾರೆ, ಅದರ ಜೊತೆ ಕಲಸ್ಕೊಳ್ಳುತ್ತಾ? ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರು, ಅರಸೀಕೆರೆ ಬಯಲುಸೀಮೆಯವರು ನಂಜನ್ನ ಯಾವ್ಯಾವ ಅರ್ಥದಲ್ಲಿ ಬಳಸ್ತೀರಿ ಅಂತ ದಯವಿಟ್ಟು ಬರೀರಿ.

ಇನ್ನೊಂದಿದೆ, ಇದಕ್ಕೆ ನಂಗೆ ಪದವೇ ಸಿಕ್ಕಿಲ್ಲ. ಹಿಮಕರಡಿ ಹಾಲಲ್ಲಿ ಮೂರನೇ ಒಂದು ಪಾಲಿನಷ್ಟು ಕೊಬ್ಬೇ ಇರುತ್ತೆ, ತಾಯಿ ನೆಣದಲ್ಲಿದ್ದಿದ್ದು ಆ ಹಾಲಿನ ಜೊತೆ ಮರಿಗೆ ಇಳಿಯುತ್ತೆ. ಓರ್ಕಾ ತಿಮಿಂಗಿಲದಲ್ಲಂತೂ ತಾಯಿ ವರ್ಷಗಟ್ಲೆ ಕೂಡಿಕೊಂಡಿದ್ದರಲ್ಲಿ ದೊಡ್ಡ ಪಾಲು ಚೊಚ್ಚಲ ಮರಿಗೇ ಹೋಗುತ್ತೆ. ಕೆನಡಾದ ನುನಾವಿಕ್‌ನಲ್ಲಿ ಸೀಲ್, ಬೆಲುಗಾ ತಿಮಿಂಗಿಲದ ನೆಣ ತಿನ್ನೋ ಇನ್ಯೂಟ್ ಮೂಲನಿವಾಸಿ ತಾಯಂದಿರ ಎದೆಹಾಲಲ್ಲಿ, ದಕ್ಷಿಣದ ಊರುಗಳ ತಾಯಂದಿರ ಹಾಲಿಗಿಂತ ಹಲವು ಪಟ್ಟು ಪಿಸಿಬಿ ಇದ್ದಿದ್ದು 1980ರ ದಶಕದಲ್ಲೇ ಗೊತ್ತಾಯ್ತು. ಬಾಣಂತಿಗೆ ಇದು ತಿನ್ಬೇಡ, ಮಗುಗೆ ಹಾಲಲ್ಲಿ ಇಳಿಯುತ್ತೆ ಅಂತ ನಮ್ಮ ಹೆಂಗಸರು ಹೇಳ್ತಾರಲ್ಲ, ಹಂಗೆ ಇಳಿಯೋದಕ್ಕೆ ನಿಮ್ಮನೆ ಹಿರಿಯರ ಬಾಯಲ್ಲಿ ಬೇರೆ ಮಾತೇನಾದ್ರೂ ಇದ್ಯಾ?