ಆಗಸ್ಟ್ ಕೊನೆಯಲ್ಲಿ ಟ್ರೌಟ್ ಹೊಳೆ: ಹೋಗಿಬಂದವರು ಅನುಭವ ತಿಳಿಸಿ

ಬಸವನಗುಡಿಯಿಂದ, ಪ್ರಶ್ನೆ:
ಆಗಸ್ಟ್ ಕೊನೆಯ ವಾರ ಮಗಳ ಮನೆಗೆಂದು ಅಮೆರಿಕದ ಮೊಂಟಾನಾ ರಾಜ್ಯದ ಬೋಜ್‌ಮನ್‌ಗೆ ಹೊರಟಿದ್ದೇನೆ. ಮೂರು ವಾರ ಅಲ್ಲಿರುತ್ತೇನೆ. ಹಿಂದೆ ಭೀಮೇಶ್ವರಿಯಲ್ಲಿ ಪರವಾನಗಿ ಕೊಡುತ್ತಿದ್ದ ಕಾಲದಲ್ಲಿ, ಗಾಳಕ್ಕೆ ರಾಗಿ ಹಿಟ್ಟಿನ ಉಂಡೆ ಮೆತ್ತಿ ಮಹಶೀರ್ ಮೀನು ಹಿಡಿದು ಮತ್ತೆ ನೀರಿಗೇ ಬಿಡುತ್ತಿದ್ದೆ. ಕೀಟದಂತೆ ಕಟ್ಟಿದ ಹಗುರವಾದ ನಕಲಿ ‘ಫ್ಲೈ’ ಎಸೆದು ತಣ್ಣೀರಿನ ಟ್ರೌಟ್ ಮೀನು ಹಿಡಿಯುವ ಫ್ಲೈ ಫಿಶಿಂಗ್ ನನಗೆ ಹೊಸದು. ಹೊಳೆಗಳೆಲ್ಲ ಸೊರಗಿವೆ, ಈಗ ಕಷ್ಟ ಎಂದು ಅಳಿಯ ಹೇಳುತ್ತಿದ್ದಾರೆ. ಹೋಗುವುದೇ ಬೇಡವೇ? ಹೋದರೆ ಏನು ಗಮನದಲ್ಲಿಡಬೇಕು?

ರಾಜಾಜಿನಗರದಿಂದ:
ಸರ್, ಖಂಡಿತ ಹೋಗಿ. ಆದರೆ ಗಾಳದ ಕೋಲಿಗಿಂತ ಮೊದಲು ಒಂದು ಥರ್ಮಾಮೀಟರ್ ಕೊಂಡುಕೊಳ್ಳಿ. ನಾನು ಆ ಕಡೆ ಎರಡು ವರ್ಷ ಇದ್ದೆ. ಅಲ್ಲಿ ಕಲಿತದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ನಮ್ಮಲ್ಲಿ ಮಘೆ ಮಳೆ ಸುರಿಯುವ ಹೊತ್ತಿಗೆ ಅಲ್ಲಿ ಬೇಸಿಗೆಯ ಕೊನೆ. ಬೆಟ್ಟದ ಹಿಮ ಆಗಲೇ ಕರಗಿ ಹರಿದುಹೋಗಿರುತ್ತದೆ. ನೀರು ಮೊಣಕಾಲಿನ ಮಟ್ಟಕ್ಕೆ ಇಳಿದು, ತಳದ ಕಲ್ಲುಗಳನ್ನು ಎಣಿಸುವಷ್ಟು ತಿಳಿಯಾಗಿರುತ್ತದೆ. ಟ್ರೌಟ್‌ಗೆ ಹಿತವಾದದ್ದು ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ನೀರು. ಸಮುದ್ರಮಟ್ಟದ ಲೆಕ್ಕದಲ್ಲಿ 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು, 20 ಡಿಗ್ರಿಗೆ ಬಂದರೆ ಸುಮಾರು 9 ಮಾತ್ರ. ಆದರೆ ನೀರು ಬಿಸಿಯಾದಷ್ಟೂ ಮೀನಿನ ದೇಹ ಕೇಳುವ ಆಮ್ಲಜನಕ ಹೆಚ್ಚುತ್ತದೆ. ಅಂಥ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿ ಎಳೆದಾಡಿದ ಮೀನು ಚೇತರಿಸಿಕೊಳ್ಳುವುದು ಕಷ್ಟ.

ಇದನ್ನು ನಾನು ಓದಿ ತಿಳಿದವಳಲ್ಲ. ಮೊದಲ ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ಮೂರು ಗಂಟೆಗೆ ಒಳ್ಳೆಯ ಕಂದು ಟ್ರೌಟ್ ಸಿಕ್ಕಿತು. ಸಂಭ್ರಮದಲ್ಲಿ ಮೇಲೆತ್ತಿ ಫೋಟೊ ತೆಗೆಸಿಕೊಂಡು ಬಿಟ್ಟೆ. ಅದು ಈಜಿಕೊಂಡು ಹೋಯಿತು. ಅರ್ಧ ಗಂಟೆಯ ನಂತರ ಕೆಳಗಿನ ಮಡುವಿನಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಆಮೇಲೆ ನೀರಿನ ಉಷ್ಣತೆ ಅಳೆದರೆ 22 ಡಿಗ್ರಿ. ಆ ಫೋಟೊವನ್ನು ಇಂದಿಗೂ ಯಾರಿಗೂ ತೋರಿಸಿಲ್ಲ.

ಆದ್ದರಿಂದ ನಸುಕಿನಲ್ಲೇ ಹೊಳೆಗಿಳಿಯಿರಿ. ರಾತ್ರಿಯಿಡೀ ತಣಿದ ನೀರು ಆಗ ಅತ್ಯಂತ ತಂಪಾಗಿರುತ್ತದೆ. ಗಂಟೆಗೊಮ್ಮೆ ಅಳೆಯಿರಿ. ದಡದ ನಿಂತ ನೀರಿನಲ್ಲಿ ಬೇಡ. ಹರಿಯುವ ನೀರಿನಲ್ಲಿ, ನೆರಳಿನಲ್ಲಿ ಎರಡು ನಿಮಿಷ ಹಿಡಿಯಿರಿ. 20 ಡಿಗ್ರಿ, ಅಂದರೆ ಅವರ ಲೆಕ್ಕದ 68 ಫ್ಯಾರನ್‌ಹೀಟ್ ತಲುಪುತ್ತಿದ್ದಂತೆ ಕೋಲು ಮಡಚಿಬಿಡಿ. ನೀರು ತೀರ ಬಿಸಿಯಾದ ಹೊಳೆಗಳಲ್ಲಿ ಮಧ್ಯಾಹ್ನ 2ರಿಂದ ನಡುರಾತ್ರಿಯವರೆಗೆ ಗಾಳ ಹಾಕಬಾರದೆಂದು ಸರ್ಕಾರವೇ ಆದೇಶ ಹೊರಡಿಸುತ್ತದೆ. ಹೊರಡುವ ಮುನ್ನ ಯಾವ ಹೊಳೆಗೆ ಅದು ಜಾರಿಯಲ್ಲಿದೆ ಎಂದು ನೋಡಿಕೊಳ್ಳಿ.

ಜಾಗದ ಆಯ್ಕೆಯೂ ಮುಖ್ಯ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಫೈರ್‌ಹೋಲ್ ನದಿಗೆ ಬಿಸಿನೀರಿನ ಬುಗ್ಗೆಗಳು ಸೇರುತ್ತವೆ. ಅದರ ನೀರು ಮ್ಯಾಡಿಸನ್ ನದಿಗೆ ಹೋಗುವುದರಿಂದ ಉದ್ಯಾನದೊಳಗಿನ ಮ್ಯಾಡಿಸನ್ ಕೂಡ ಬೆಚ್ಚಗಾಗುತ್ತದೆ. ಬೇಸಿಗೆಯಲ್ಲಿ ಅವೆರಡನ್ನೂ ಬಿಡಿ. ಉದ್ಯಾನದ ಈಶಾನ್ಯದ ಲಮಾರ್, ಸೋಡಾ ಬ್ಯೂಟ್ ಹೊಳೆಗಳ ಕಡೆ ಹೋಗಿ. ಅಲ್ಲಿಯ ಕಟ್‌ಥ್ರೋಟ್ ಟ್ರೌಟ್ ಆ ನೆಲದ ಸ್ವಂತ ಮೀನು, ಹಿಡಿದರೆ ಬಿಡಲೇಬೇಕು. ಉದ್ಯಾನದೊಳಗೆ ಮೊಂಟಾನಾದ ಪರವಾನಗಿ ನಡೆಯುವುದಿಲ್ಲ, ಬೇರೆಯೇ ಪಡೆಯಬೇಕು. ಗಾಳದಲ್ಲಿ ಹಿಂಮುಳ್ಳು ಇರಬಾರದು. ಫೆಲ್ಟ್, ಅಂದರೆ ಒತ್ತಿದ ನಾರಿನ ಅಡಿಯಿರುವ ಬೂಟುಗಳಿಗೂ ನಿಷೇಧವಿದೆ, ಏಕೆಂದರೆ ಒಂದು ಹೊಳೆಯ ಸೂಕ್ಷ್ಮ ಜೀವಿಗಳು ಅದರಲ್ಲಿ ಅಂಟಿಕೊಂಡು ಇನ್ನೊಂದು ಹೊಳೆ ಸೇರುತ್ತವೆ.

ಮಲ್ಲೇಶ್ವರದಿಂದ:
ಉಷ್ಣತೆಯ ಮಾತು ನೂರಕ್ಕೆ ನೂರು ಸರಿ. ಆದರೆ ನಸುಕಿಗೆ ಮಾತ್ರ ಕಟ್ಟುಬೀಳಬೇಡಿ. ಆಗಸ್ಟ್‌ನ ದೊಡ್ಡ ಹಬ್ಬವೆಂದರೆ ಮಿಡತೆ. ಬಿಸಿಲಿಗೆ ಹುಲ್ಲು ಬೆಚ್ಚಗಾಗದೆ ಅವು ಹಾರುವುದಿಲ್ಲ. ಗಾಳಿಗೆ ದಡದಿಂದ ನೀರಿಗೆ ಬೀಳುವ ಮಿಡತೆಗಾಗಿ ಟ್ರೌಟ್‌ಗಳು ದಡಕ್ಕೆ ಒತ್ತಿಕೊಂಡೇ ಕಾಯುತ್ತವೆ. ಬೆಟ್ಟದ ತಂಪು ಹೊಳೆಗಳಲ್ಲಿ ನನಗೆ ಹೆಚ್ಚು ಮೀನು ಸಿಕ್ಕಿದ್ದು ಹತ್ತೂವರೆಯಿಂದ ಒಂದು ಗಂಟೆಯೊಳಗೆ. ಮಿಡತೆಯ ಫ್ಲೈಯನ್ನು ಹೊಳೆಯ ನಡುವಿಗೆ ಎಸೆಯಬೇಡಿ, ಹುಲ್ಲಿನಂಚಿನಿಂದ ಒಂದು ಗೇಣಿನೊಳಗೆ ಬೀಳಿಸಿ. ಅದು ಫಲಿಸದಿದ್ದರೆ ಇರುವೆ, ಜೀರುಂಡೆಯ ಫ್ಲೈಗಳನ್ನು ಕಟ್ಟಿ.

ತಿಳಿನೀರಿನಲ್ಲಿ ಮೀನು ನಿಮ್ಮನ್ನು ಮೊದಲು ನೋಡುತ್ತದೆ. ಬಗ್ಗಿ, ಹಿಂದಿನಿಂದ, ಅಂದರೆ ಹರಿವಿಗೆ ಎದುರಾಗಿ ನಡೆಯಿರಿ. ನಿಮ್ಮ ನೆರಳು ನೀರಿನ ಮೇಲೆ ಬೀಳದಿರಲಿ. ಲೀಡರ್, ಅಂದರೆ ದಪ್ಪ ಲೈನಿಗೂ ಫ್ಲೈಗೂ ನಡುವಿನ ತೆಳು ದಾರ, 12 ಅಡಿಯಷ್ಟು ಉದ್ದವಿರಲಿ. ತುದಿಯ ನೂಲಿಗೆ ಅಂಗಡಿಯವರು 6ಎಕ್ಸ್ ಕೊಡಬಹುದು. ಸಂಖ್ಯೆ ಹೆಚ್ಚಿದಷ್ಟೂ ನೂಲು ನವಿರು. ನಾನು ಮಿಡತೆಯ ಫ್ಲೈಗೆ 4ಎಕ್ಸ್ ಬಳಸುತ್ತೇನೆ. ತೀರ ನವಿರಾದ ನೂಲು ತುಂಡಾಗುವ ಭಯಕ್ಕೆ ಮೀನನ್ನು ಬಹಳ ಹೊತ್ತು ಆಡಿಸಬೇಕಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಅದು ಮೀನಿಗೆ ಕೇಡು.

ಜೆ.ಪಿ. ನಗರದಿಂದ:
ಹಿಮಾಚಲದ ತೀರ್ಥನ್ ಹೊಳೆಯಲ್ಲಿ ಮಾತ್ರ ಗಾಳ ಹಾಕಿರುವವನು ನಾನು. ಅಲ್ಲಿಗೆ ಹೋಗುವ ಯೋಚನೆ ಇರುವವರು ಮೇಲಿನ ಸಲಹೆಗಳನ್ನು ಅದೇ ತಿಂಗಳಿಗೆ ಹಾಗೆಯೇ ಅನುಸರಿಸಬೇಡಿ. ಅಲ್ಲಿ ಆಗಸ್ಟ್ ಎಂದರೆ ಮುಂಗಾರು. ನೀರು ಕಡಿಮೆಯಾಗುವ ಮಾತು ದೂರ, ಕೆಸರು ತುಂಬಿ ಉಕ್ಕುತ್ತಿರುತ್ತದೆ. ಹೊಳೆಗಿಳಿಯುವುದೇ ಅಪಾಯ. ಮಳೆ ಹಿಂದೆ ಸರಿದು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ನಲ್ಲಿ ಹೊಳೆ ತಿಳಿಯಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಟ್ರೌಟ್ ಮೊಟ್ಟೆಯಿಡುವ ಕಾಲವಾದ್ದರಿಂದ ನಿಷೇಧ. ಹೀಗೆ ಮಳೆಗಾಲದ ನಂತರ ಸಿಗುವುದು ಐದಾರು ವಾರ ಅಷ್ಟೇ.

ಸರ್, ಹೊರಡುವ ಮುನ್ನ ಇಲ್ಲೇ ಎಸೆತ ಅಭ್ಯಾಸ ಮಾಡಿಕೊಳ್ಳಿ. ರಾಗಿ ಉಂಡೆಯ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತಿತ್ತು. ಇಲ್ಲಿ ಫ್ಲೈಗೆ ತೂಕವೇ ಇಲ್ಲ, ದಪ್ಪ ಲೈನಿನ ಭಾರವೇ ಅದನ್ನು ಒಯ್ಯಬೇಕು. ನಾನು ಆರು ಭಾನುವಾರ ಬೆಳಿಗ್ಗೆ ಆರಕ್ಕೆ, ಕ್ರಿಕೆಟ್ ಹುಡುಗರು ಬರುವ ಮೊದಲು, ನಮ್ಮ ಬಡಾವಣೆಯ ಆಟದ ಮೈದಾನದಲ್ಲಿ ಅಭ್ಯಾಸ ಮಾಡಿದೆ. ತುದಿಗೆ ಗಾಳದ ಬದಲು ಕೆಂಪು ಉಣ್ಣೆಯ ಎಳೆ ಕಟ್ಟಿ, ಹುಲ್ಲಿನ ಮೇಲೆ ತಟ್ಟೆಯಿಟ್ಟು ಅದಕ್ಕೆ ಗುರಿ ಹಿಡಿಯುತ್ತಿದ್ದೆ. ಹಿಂದಕ್ಕೆ ಬೀಸಿದ ಲೈನು ಪೂರ್ತಿ ಚಾಚುವವರೆಗೆ ಕ್ಷಣ ತಡೆದು ಮುಂದಕ್ಕೆ ಬೀಸಬೇಕು. ಆ ತಡೆ ಕೈಗೆ ಹತ್ತಲು ನಾಲ್ಕು ವಾರ ಹಿಡಿಯಿತು.

ಬಸವನಗುಡಿಯಿಂದ:
ಎಲ್ಲರಿಗೂ ಧನ್ಯವಾದಗಳು. ಥರ್ಮಾಮೀಟರ್ ಪಟ್ಟಿಗೆ ಸೇರಿತು. ಒಂದೇ ಸಂದೇಹ. ಮಹಶೀರ್ ಬಿಡುವಾಗ ಹರಿವಿಗೆ ಮುಖ ಮಾಡಿ ಹಿಡಿದುಕೊಳ್ಳುತ್ತಿದ್ದೆವು. ಟ್ರೌಟ್‌ಗೂ ಹಾಗೆಯೇ?

ರಾಜಾಜಿನಗರದಿಂದ:
ಹೌದು ಸರ್, ಹಾಗೆಯೇ. ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಒಣ ಕೈಗೆ ಮೈಮೇಲಿನ ಲೋಳೆ ಅಂಟಿ ಬರುತ್ತದೆ. ರಬ್ಬರ್ ಬಲೆಯಲ್ಲೇ, ನೀರಿನೊಳಗೇ ಗಾಳ ಬಿಡಿಸಿ. ಕಿವಿರಿಗೆ ಬೆರಳು ತಾಗದಿರಲಿ. ನಿಧಾನ ಹರಿವಿನಲ್ಲಿ ತಲೆ ಹರಿವಿಗೆ ಎದುರಾಗಿರುವಂತೆ ಹಿಡಿಯಿರಿ, ಹಿಂದೆಮುಂದೆ ಆಡಿಸಬೇಡಿ. ತಾನೇ ಬಾಲ ಬಡಿದು ಕೈಯಿಂದ ಜಾರಿಕೊಳ್ಳುವವರೆಗೆ ಕಾಯಿರಿ.